ಅಚ್ಚು ಹಳೆಯದು, ಜನ್ಮ ಹೊಸದು

1984ನೆಯ ಇಸವಿಯಲ್ಲಿ ಅಮೆರಿಕದ ಆಟಿಕೆಯಂಗಡಿಗಳಿಗೆ ಬಂದ ಆಪ್ಟಿಮಸ್ ಪ್ರೈಮ್ ಎಂಬ ಯಂತ್ರಪುರುಷನ ಬೊಂಬೆಯನ್ನು ಕೈಗೆತ್ತಿಕೊಂಡು ಸಾವಧಾನವಾಗಿ ನೋಡಿದವರಿಗೆ ಅದರಲ್ಲಿ ಒಂದು ವಿಶೇಷವು ಗೋಚರಿಸದೆ ಇರದು. ಕೆಂಪು ಲಾರಿಯ ಮುಂಭಾಗವನ್ನು ಬಿಚ್ಚಿ, ಮಡಚಿದ ಕಾಲುಗಳನ್ನು ನೀಳವಾಗಿಸಿ, ತೋಳುಗಳನ್ನು ತಿರುಗಿಸಿ, ಬೇರೆಯಾಗಿಟ್ಟಿರುವ ಮುಷ್ಟಿಗಳನ್ನು ಸಿಕ್ಕಿಸಿ ನಿಲ್ಲಿಸಿದರೆ ಲಾರಿಯ ಮುಂಗಾಜುಗಳೇ ಅವನ ಎದೆಯಾಗುತ್ತವೆ. ಆ ಗಾಜುಗಳನ್ನು ಉಗುರಿನ ತುದಿಯಿಂದ ಎಬ್ಬಿಸಿದರೆ, ಒಂದಂಗುಲ ಎತ್ತರದ ಮನುಷ್ಯನೊಬ್ಬನು ಕುಳಿತುಕೊಳ್ಳುವುದಕ್ಕೆ ತಕ್ಕಷ್ಟು ಜಾಗ ಒಳಗೆ ಕಾಣುತ್ತದೆ. ಆದರೆ ಪೆಟ್ಟಿಗೆಯಲ್ಲಿ ಅಂಥ ಮನುಷ್ಯನಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಕಥೆಯ ಪ್ರಕಾರ ಆಪ್ಟಿಮಸ್ ಪ್ರೈಮನು ಸೈಬರ್ಟ್ರಾನ್ ಎಂಬ ದೂರದ ಗ್ರಹದಲ್ಲಿ ಹುಟ್ಟಿದ ಸಜೀವ ಯಂತ್ರ, ಸ್ವತಂತ್ರ ಬುದ್ಧಿಯುಳ್ಳವನು, ತನ್ನ ಸೇನೆಗೆ ತಾನೇ ನಾಯಕನಾದವನು. ಅಂಥವನಿಗೆ ಸಾರಥಿ ಏತಕ್ಕೆ? ಸಾರಥಿಯೇ ಬೇಡದವನ ಎದೆಯೊಳಗೆ ಸಾರಥಿಯ ಪೀಠ ಏತಕ್ಕೆ?

ಉತ್ತರವು ಜಪಾನಿನಲ್ಲಿದೆ. ಅಮೆರಿಕಕ್ಕೆ ಬರುವುದಕ್ಕೆ ಹಿಂದಿನ ವರ್ಷವೇ, ಟೋಕಿಯೋದ ಟಕಾರ ಕಂಪನಿಯು ಇದೇ ಬೊಂಬೆಯನ್ನು ‘ಬ್ಯಾಟಲ್ ಕಾನ್ವಾಯ್’ ಎಂಬ ಹೆಸರಿನಿಂದ, ಡಯಾಕ್ಲೋನ್ ಎಂಬ ಸರಣಿಯ ಒಂದು ಭಾಗವಾಗಿ ಮಾರುತ್ತಿತ್ತು. ಡಯಾಕ್ಲೋನ್ ಕಥೆಯಲ್ಲಿ ಯಂತ್ರಗಳಿಗೆ ಜೀವವಿಲ್ಲ. ಅವು ಮನುಷ್ಯರು ಏರಿ ನಡೆಸುವ ವಾಹನಗಳು. ಪಾದದಲ್ಲಿ ಅಯಸ್ಕಾಂತವನ್ನಿಟ್ಟ ಪುಟ್ಟ ಸಾರಥಿಗಳು ಆ ಸರಣಿಯ ಆಟಿಕೆಗಳೊಡನೆ ಬರುತ್ತಿದ್ದರು. ಹ್ಯಾಸ್ಬ್ರೋ ಎಂಬ ಅಮೆರಿಕದ ಕಂಪನಿ ಆ ಅಚ್ಚುಗಳಲ್ಲಿ ತಯಾರಾದ ಆಟಿಕೆಗಳನ್ನು ಪಡೆದು, ಸಾರಥಿಯನ್ನು ಕೈಬಿಟ್ಟು, ಹೊಸ ಹೆಸರನ್ನೂ ಹೊಸ ಪೆಟ್ಟಿಗೆಯನ್ನೂ ಹೊಸ ಪುರಾಣವನ್ನೂ ಕೊಟ್ಟು ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಕರೆಯಿತು. ಸಾರಥಿ ಹೋದನು, ಪೀಠ ಉಳಿಯಿತು.

ಒಮ್ಮೆ ತಯಾರಾದ ಆಟಿಕೆಯನ್ನು ಮತ್ತೊಂದು ಕಥೆಯ ಹೊದಿಕೆಯಲ್ಲಿ ಮಾರುವ ಈ ಪದ್ಧತಿಯನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತು ನಿಂದೆಯದೇ. ಹಳೆಯ ಸರಕಿಗೆ ಹೊಸ ಚೀಟಿ ಅಂಟಿಸಿ ಮಕ್ಕಳ ಕೈಯಿಂದ ಕಾಸು ಕೀಳುವ ಉಪಾಯವೆಂದು ಅದನ್ನು ತಳ್ಳಿಹಾಕುವವರು ಬಹಳ ಮಂದಿ. ಆ ನಿಂದೆಗೆ ಅರ್ಹವಾದ ನಿದರ್ಶನಗಳು ಉಂಟೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ಸಿನ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸತ್ಯವೂ ಕಣ್ಣಿಗೆ ಬೀಳುತ್ತದೆ. ಹೊಸ ಕಥೆಯನ್ನು ಬರೆಯುವವನು ಮುಂದಿರುವ ವಸ್ತುವನ್ನು ಶ್ರದ್ಧೆಯಿಂದ ಅವಲೋಕಿಸಿ, ಅದರ ಆಕಾರದಲ್ಲಿ ಅಡಗಿರುವ ಸ್ವಭಾವವನ್ನು ಓದಿ ಹೇಳಿದನಾದರೆ ಅದು ಆ ವಸ್ತುವಿಗೆ ನಿಜವಾದ ಪುನರ್ಜನ್ಮ. ಅಂಥ ಓದು ಇಲ್ಲದೆ ಹೆಸರನ್ನು ಮಾತ್ರ ಬದಲಾಯಿಸಿದರೆ ಅದು ಬರಿಯ ಹೊದಿಕೆ. ಇವೆರಡರ ಅಂತರವನ್ನು ತಿಳಿಯುವುದು ವ್ಯಾಪಾರಿಗೂ ತಂದೆತಾಯಿಗಳಿಗೂ ಅವಶ್ಯವೆಂದು ನಾನು ಭಾವಿಸಿದ್ದೇನೆ.

ಇಪ್ಪತ್ತು ವರ್ಷಗಳ ಪ್ರದಕ್ಷಿಣೆ

ಈ ಬೊಂಬೆಗಳ ವಂಶಾವಳಿಯೇ ಒಂದು ಸ್ವಾರಸ್ಯವಾದ ಕಥೆ. 1964ರಲ್ಲಿ ಹ್ಯಾಸ್ಬ್ರೋ ‘ಜಿ.ಐ. ಜೋ’ ಎಂಬ ಸುಮಾರು ಒಂದಡಿ ಎತ್ತರದ ಸೈನಿಕನ ಬೊಂಬೆಯನ್ನು ಹೊರತಂದಿತು. 1955ರಲ್ಲಿ ಸ್ಥಾಪಿತವಾಗಿದ್ದ ಟಕಾರ ಅದರ ಪರವಾನಗಿಯನ್ನು ಪಡೆದು ಜಪಾನಿನಲ್ಲಿ ಮಾರಿತು. ಯುದ್ಧದ ನೆನಪು ಇನ್ನೂ ಹಸಿಯಾಗಿದ್ದ ಆ ದೇಶದ ಮಕ್ಕಳಿಗೆ ಪರದೇಶದ ಸೈನಿಕನಿಗಿಂತ ಕಲ್ಪನಾಲೋಕದ ವೀರನೇ ಹೆಚ್ಚು ಪ್ರಿಯನಾಗುವನೆಂದು ಎಣಿಸಿಯೋ ಏನೋ, 1972ರಲ್ಲಿ ಆ ಕಂಪನಿಯು ಅದೇ ದೇಹವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಳಗಿನ ಯಂತ್ರಾಂಗಗಳು ಹೊರಕ್ಕೆ ಕಾಣುವಂತೆ ಮಾಡಿ, ‘ಹೆನ್‌ಶಿನ್ ಸೈಬೋರ್ಗ್’ ಎಂದು ಹೆಸರಿಟ್ಟಿತು. ಹೀಗೆ ಅಮೆರಿಕದ ಸಿಪಾಯಿಯು ಜಪಾನಿನ ಯಂತ್ರಮಾನವನಾದನು.

1973ರ ತೈಲ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ಕಿನ ಬೆಲೆ ಏರಲಾಗಿ ದೊಡ್ಡ ಬೊಂಬೆಗಳನ್ನು ಮಾಡುವುದು ಕಷ್ಟವಾಯಿತು. 1974ರಲ್ಲಿ ಬಂದ ‘ಮೈಕ್ರೋಮ್ಯಾನ್’ ಹತ್ತು ಸೆಂಟಿಮೀಟರಿನಷ್ಟೇ ಎತ್ತರದವನು. ಅವನನ್ನು ಮೆಗೋ ಎಂಬ ಅಮೆರಿಕದ ಕಂಪನಿ 1976ರಲ್ಲಿ ‘ಮೈಕ್ರೋನಾಟ್ಸ್’ ಎಂಬ ಹೆಸರಿನಿಂದ ತನ್ನ ದೇಶದಲ್ಲಿ ಮಾರಿತು. ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಬಂದ ಆ ಬೊಂಬೆಗಳನ್ನು ಕಂಡು ಮಾರ್ವೆಲ್ ಸಂಸ್ಥೆಯ ಲೇಖಕ ಬಿಲ್ ಮ್ಯಾಂಟ್ಲೋ ಮುಗ್ಧನಾದುದರ ಫಲವಾಗಿ 1979ರಿಂದ ಅವರ ಕಾಮಿಕ್ಸ್ ಪ್ರಕಟವಾಗತೊಡಗಿತು. ಇತ್ತ ಜಪಾನಿನಲ್ಲಿ 1980ರಲ್ಲಿ ಡಯಾಕ್ಲೋನ್ ಆರಂಭವಾಯಿತು. 1982ರಲ್ಲಿ ಅದಕ್ಕೆ ನಿಜವಾದ ಕಾರುಗಳಿಂದ ರೋಬೋಗಳಾಗುವ ಆಟಿಕೆಗಳು ಸೇರಿದುವು. 1983ರಲ್ಲಿ ಮೈಕ್ರೋಮ್ಯಾನ್ ಸರಣಿಗೆ ‘ಮೈಕ್ರೋ ಚೇಂಜ್’ ಎಂಬ ಶಾಖೆ ಹುಟ್ಟಿ, ಟೇಪ್‌ರೆಕಾರ್ಡರು, ಪಿಸ್ತೂಲು, ಪುಟಾಣಿ ಕಾರು ಮುಂತಾದುವು ರೋಬೋಗಳಾಗತೊಡಗಿದುವು. ಹ್ಯಾಸ್ಬ್ರೋದವರು ಈ ಎರಡು ಸರಣಿಗಳಿಂದಲೂ ಆಯ್ದುಕೊಂಡು ಒಂದು ಮಾಡಿದರು. ತಾನೇ ಕಳುಹಿಸಿಕೊಟ್ಟ ಸೈನಿಕನ ಮೊಮ್ಮಕ್ಕಳನ್ನು ಆ ಕಂಪನಿಯು ಇಪ್ಪತ್ತು ವರ್ಷಗಳ ತರುವಾಯ ಹೊಸ ನೆಂಟರೆಂಬಂತೆ ಎದುರುಗೊಂಡಿತು.

ಈ ಪ್ರದಕ್ಷಿಣೆ ಅಲ್ಲಿಗೂ ನಿಲ್ಲಲಿಲ್ಲ. 1985ರಲ್ಲಿ ಟಕಾರ ತನ್ನ ಡಯಾಕ್ಲೋನನ್ನು ನಿಲ್ಲಿಸಿ, ಅಮೆರಿಕದಲ್ಲಿ ಹೊಸ ಕಥೆ ಪಡೆದ ತನ್ನ ಆಟಿಕೆಗಳನ್ನೇ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಜಪಾನಿಗೆ ತಂದಿತು. ಆದರೂ ಆಪ್ಟಿಮಸ್ ಪ್ರೈಮನನ್ನು ಅಲ್ಲಿ ‘ಕಾನ್ವಾಯ್’ ಎಂದೇ ಕರೆದರು. ಹಳೆಯ ಹೆಸರಿನ ಅರ್ಧಾಂಶ ಹೀಗೆ ಮನೆಗೆ ಮರಳಿತು.

ಅಚ್ಚಿನ ಅರ್ಥಶಾಸ್ತ್ರ

ವ್ಯಾಪಾರಿಗಳು ಇಷ್ಟು ಸುತ್ತುವುದಕ್ಕೆ ಕಾರಣ ಉಕ್ಕಿನ ಅಚ್ಚು. ಪ್ಲಾಸ್ಟಿಕ್ ಆಟಿಕೆಯ ಪ್ರತಿಯೊಂದು ಅವಯವಕ್ಕೂ ಉಕ್ಕಿನಲ್ಲಿ ಕೊರೆದ ಅಚ್ಚು ಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಿಂದ ಅದರೊಳಕ್ಕೆ ತುಂಬಿ, ತಣಿಸಿ, ಬಿಡಿಸಿಕೊಳ್ಳುವುದೇ ಉತ್ಪಾದನೆಯ ಕ್ರಮ. ಹತ್ತಾರು ಕೀಲುಗಳಲ್ಲಿ ಮಡಚಿಕೊಂಡು ಒಮ್ಮೆ ಕಾರಾಗಿಯೂ ಒಮ್ಮೆ ಮನುಷ್ಯಾಕೃತಿಯಾಗಿಯೂ ನಿಲ್ಲಬೇಕಾದ ಆಟಿಕೆಯಲ್ಲಿ ಒಂದು ಅವಯವ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಇಡೀ ಯಂತ್ರ ಬಿಗಿಯಾಗಿಬಿಡುತ್ತದೆ, ಇಲ್ಲವೆ ಸಡಿಲವಾಗಿಬಿಡುತ್ತದೆ. ಆದಕಾರಣ ಖರ್ಚಿನ ದೊಡ್ಡ ಪಾಲು ಮೊದಲ ಬೊಂಬೆ ಹೊರಬರುವುದಕ್ಕೆ ಮುಂಚೆಯೇ ಮುಗಿದಿರುತ್ತದೆ. ಆಮೇಲಿನ ಒಂದೊಂದು ಬೊಂಬೆಗೂ ತಗಲುವುದು ಅಲ್ಪ. ಒಂದು ಮಾರುಕಟ್ಟೆಯಲ್ಲಿ ಕೆಲಸ ಮುಗಿಸಿದ ಅಚ್ಚನ್ನು ಇನ್ನೊಂದು ಮಾರುಕಟ್ಟೆಗೆ ಒಯ್ಯುವುದರಲ್ಲಿ, ಅದೇ ಅಚ್ಚಿನಲ್ಲಿ ಬೇರೆ ಬಣ್ಣದ ಪ್ಲಾಸ್ಟಿಕ್ಕನ್ನು ಹೊಯ್ದು ಬೇರೊಂದು ಹೆಸರಿಡುವುದರಲ್ಲಿ, ವ್ಯಾಪಾರದ ದೃಷ್ಟಿಯಿಂದ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ.

ಇದು ನಮ್ಮ ದೇಶಕ್ಕೂ ತಲಪಿದ ಸಂಗತಿ. 1987ರಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೋ ಕೂಡಿ ಆರಂಭಿಸಿದ ಫನ್‌ಸ್ಕೂಲ್ ಗೋವೆಯ ಕಾರ್ಖಾನೆಯಲ್ಲಿ ಆಟಿಕೆಗಳನ್ನು ತಯಾರಿಸಿತು. ಅಮೆರಿಕದ ಅಚ್ಚುಗಳಿಂದ ಜಿ.ಐ. ಜೋ ಬೊಂಬೆಗಳು ಭಾರತದಲ್ಲಿ ಬಂದಾಗ ಅವುಗಳ ಬಣ್ಣ ಅನೇಕ ವೇಳೆ ಬೇರೆಯಾಗಿರುತ್ತಿತ್ತು. 1994ರಲ್ಲಿ ಅಮೆರಿಕದಲ್ಲಿ ಆ ಸರಣಿ ನಿಂತುಹೋದ ಮೇಲೆಯೂ ಇಲ್ಲಿ ಅವು ಹುಟ್ಟುತ್ತಲೇ ಇದ್ದುವು. ಬೆಂಗಳೂರಿನ, ಮೈಸೂರಿನ ಮಕ್ಕಳು ಆ ಕಾಲದಲ್ಲಿ ಸಾಧಾರಣವೆಂದು ಆಡಿ ಮುರಿದ ಬೊಂಬೆಗಳನ್ನು ಇಂದು ಪಶ್ಚಿಮದ ಸಂಗ್ರಾಹಕರು ಆ ಬಣ್ಣಗಳಿಗಾಗಿಯೇ ಹುಡುಕುತ್ತಾರೆ.

ವಸ್ತುವನ್ನು ಓದಿದ ಲೇಖಕ

ಅಚ್ಚಿನ ಲೆಕ್ಕವು ವ್ಯಾಪಾರವನ್ನು ವಿವರಿಸುತ್ತದೆಯೇ ಹೊರತು ಮಕ್ಕಳ ಪ್ರೀತಿಯನ್ನು ವಿವರಿಸುವುದಿಲ್ಲ. ಅದಕ್ಕೆ ನಾವು ನ್ಯೂಯಾರ್ಕಿನ ಮಾರ್ವೆಲ್ ಕಚೇರಿಯ ಕಡೆಗೆ ತಿರುಗಬೇಕು. ಹ್ಯಾಸ್ಬ್ರೋದವರು ತಾವು ತಂದ ಆಟಿಕೆಗಳಿಗೆ ಒಂದು ಕಥೆ ಬೇಕೆಂದು ಮಾರ್ವೆಲಿನವರನ್ನು ಕೇಳಿಕೊಂಡಾಗ, ಅದರ ಪ್ರಧಾನ ಸಂಪಾದಕನಾದ ಜಿಮ್ ಶೂಟರ್ ಎರಡು ಯಂತ್ರಕುಲಗಳ ಯುದ್ಧದ ಚೌಕಟ್ಟನ್ನು ರೂಪಿಸಿದನು. ಡೆನಿಸ್ ಓನೀಲ್ ಎಂಬ ಲೇಖಕನು ಆಪ್ಟಿಮಸ್ ಪ್ರೈಮ್ ಎಂಬ ಹೆಸರನ್ನು ಕೊಟ್ಟನು. ಆದರೆ ಉಳಿದ ಹೆಸರುಗಳೂ ವಿವರಗಳೂ ಹ್ಯಾಸ್ಬ್ರೋಗೆ ಒಪ್ಪಿಗೆಯಾಗಲಿಲ್ಲ. 1983ರ ನವೆಂಬರಿನಲ್ಲಿ ಆ ಕೆಲಸ ಬಾಬ್ ಬುಡಿಯಾನ್‌ಸ್ಕಿ ಎಂಬ ಸಂಪಾದಕನ ಪಾಲಿಗೆ ಬಂತು. ಬಹುಮಂದಿ ಪಾತ್ರಗಳಿಗೆ ಅವನು ಒಂದು ವಾರಾಂತ್ಯದೊಳಗೆ ನಾಮಕರಣ ಮಾಡಿ ಗುಣಲಕ್ಷಣಗಳನ್ನು ಬರೆದುಕೊಟ್ಟನು. ‘ಮೆಗಟ್ರಾನ್’ ಎಂಬ ಖಳನಾಯಕನ ಹೆಸರು ಅಣುಬಾಂಬನ್ನು ನೆನಪಿಗೆ ತಂದು ಮಕ್ಕಳನ್ನು ಹೆದರಿಸುತ್ತದೆಯೆಂದು ಕಂಪನಿಯವರು ಆಕ್ಷೇಪಿಸಲು, ಖಳನೆಂದ ಮೇಲೆ ಭಯ ಹುಟ್ಟಬೇಡವೇ ಎಂದು ಆತ ವಾದಿಸಿ ಗೆದ್ದನು.

ಅವನ ಕೆಲಸದ ಬೆಲೆ ತಿಳಿಯಬೇಕಾದರೆ ಒಂದೆರಡು ಬೊಂಬೆಗಳನ್ನು ಎದುರಿಗಿಟ್ಟುಕೊಳ್ಳಬೇಕು. ಮೈಕ್ರೋ ಚೇಂಜ್ ಸರಣಿಯಲ್ಲಿ ನೀಲಿಬಣ್ಣದ ಒಂದು ಕ್ಯಾಸೆಟ್ ಪ್ಲೇಯರ್ ಇತ್ತು; ಅದರ ಗುಂಡಿಯನ್ನು ಒತ್ತಿದರೆ ಎದೆಯ ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿನ ಪುಟ್ಟ ಕ್ಯಾಸೆಟ್ಟನ್ನು ತೆಗೆದು ಬಿಚ್ಚಿದರೆ ಅದು ಮೃಗವೋ ಪಕ್ಷಿಯೋ ಆಗುತ್ತದೆ. ಜಪಾನಿನ ಮಗುವಿಗೆ ಅದೊಂದು ಚಮತ್ಕಾರದ ವಸ್ತು. ಬುಡಿಯಾನ್‌ಸ್ಕಿ ಅದನ್ನು ನೋಡಿ, ಧ್ವನಿಯನ್ನು ಗ್ರಹಿಸಿ ಕೂಡಿಟ್ಟುಕೊಳ್ಳುವ ಯಂತ್ರದ ಸ್ವಭಾವ ಏನಿದ್ದೀತೆಂದು ತನ್ನನ್ನು ತಾನೇ ಕೇಳಿಕೊಂಡಿರಬೇಕು: ಅವನ ‘ಸೌಂಡ್‌ವೇವ್’ ಗೂಢಚಾರನಾದನು, ಅನ್ಯರ ರಹಸ್ಯಗಳನ್ನು ಕದ್ದು ಕೇಳಿ ಅವುಗಳಿಂದಲೇ ಅವರನ್ನು ಬೆದರಿಸುವವನಾದನು, ಎದೆಯಿಂದ ಹೊರಬರುವ ಮೃಗಪಕ್ಷಿಗಳು ಅವನ ಚಾರರಾದುವು. ಸೂಕ್ಷ್ಮದರ್ಶಕವಾಗುವವನು ವಿಜ್ಞಾನಿಯಾದನು, ಆಂಬುಲೆನ್ಸ್ ಆಗುವವನು ವೈದ್ಯನಾದನು, ಪೊಲೀಸ್ ಕಾರಾಗುವವನು ನಿಯಮಗಳನ್ನು ಬಿಟ್ಟು ಕದಲದ ತರ್ಕನಿಷ್ಠನಾದನು. ಅಗ್ಗದ ಬೆಲೆಯ ಪುಟಾಣಿ ಫೋಕ್ಸ್‌ವ್ಯಾಗನ್ ಕಾರು ‘ಬಂಬಲ್‌ಬೀ’ ಆಯಿತು. ಅದರ ಚಿಕ್ಕತನವನ್ನು ಬುಡಿಯಾನ್‌ಸ್ಕಿ ನ್ಯೂನತೆಯೆಂದು ಮುಚ್ಚಿಡದೆ, ಇತರರು ನುಗ್ಗಲಾರದ ಸಂದಿಯಲ್ಲಿ ನುಗ್ಗಬಲ್ಲ, ಹಿರಿಯರ ಮೆಚ್ಚುಗೆಗಾಗಿ ಹಂಬಲಿಸುವ ಕಿರಿಯನ ಲಕ್ಷಣವಾಗಿ ಕಂಡನು. ಆ ಹಂಬಲವು ಮಕ್ಕಳ ಅನುಭವಕ್ಕೆ ಎಷ್ಟು ಸಮೀಪವಾದುದೆಂದು ಹೇಳಬೇಕಾಗಿಲ್ಲ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯೆಂದರೆ ಒಂದೇ ಅಚ್ಚಿನ ಮೂರು ವಿಮಾನಗಳು. ಡಯಾಕ್ಲೋನಿನ ಎಫ್-15 ಜೆಟ್ ಅಚ್ಚಿನಿಂದ ಬೂದು, ನೀಲಿ, ಕಪ್ಪು ಬಣ್ಣದ ಮೂರು ಬೊಂಬೆಗಳು ಹೊರಬಂದುವು; ಬಣ್ಣವೊಂದನ್ನು ಬಿಟ್ಟರೆ ಅಂಗಾಂಗಗಳಲ್ಲಿ ಭೇದವೇ ಇಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗದ ಪದ್ಯವೂ ಒಂದೇ. ಆದರೂ ಒಬ್ಬ ಅರ್ಥಧಾರಿಯ ಕರ್ಣ ಇನ್ನೊಬ್ಬ ಅರ್ಥಧಾರಿಯ ಕರ್ಣನಾಗುವುದಿಲ್ಲ. ಆ ಪ್ರಕಾರವಾಗಿಯೇ ಇಲ್ಲಿಯೂ ಮಾತಿನಿಂದಲೇ ಮೂವರು ಬೇರೆಯಾದರು. ಸ್ಟಾರ್‌ಸ್ಕ್ರೀಮ್ ತನ್ನ ಒಡೆಯನ ಪೀಠಕ್ಕೇ ಕಣ್ಣುಹಾಕಿದ ಮಹತ್ವಾಕಾಂಕ್ಷಿ. ಥಂಡರ್‌ಕ್ರ್ಯಾಕರ್ ತಾನು ಹೋರಾಡುತ್ತಿರುವ ಪಕ್ಷದ ಧ್ಯೇಯದಲ್ಲಿಯೇ ಸಂಶಯವುಳ್ಳವನು. ಸ್ಕೈವಾರ್ಪ್ ಮಂದಬುದ್ಧಿಯ ಕ್ರೂರ ಕುಚೇಷ್ಟೆಗಾರ. ಈ ಗುಣವಿವರಣೆಗಳನ್ನು ಪೆಟ್ಟಿಗೆಯ ಹಿಂಭಾಗದಲ್ಲಿಯೇ ಅಚ್ಚುಹಾಕುತ್ತಿದ್ದರು. ಬಲ, ಬುದ್ಧಿ, ವೇಗ, ಧೈರ್ಯ ಮುಂತಾದ ಎಂಟು ಗುಣಗಳಿಗೆ ಒಂದರಿಂದ ಹತ್ತರವರೆಗಿನ ಅಂಕಗಳು ಕೆಂಪು ಗೀರುಗಳ ನಡುವೆ ಅಡಗಿರುತ್ತಿದ್ದುವು. ಆಟಿಕೆಯೊಡನೆ ಕೊಟ್ಟಿರುವ ಕೆಂಪು ಫಿಲ್ಮಿನ ತುಂಡನ್ನು ಅದರ ಮೇಲಿಟ್ಟರೆ ಮಾತ್ರ ಅವು ಸ್ಪಷ್ಟವಾಗಿ ಕಾಣುತ್ತಿದ್ದುವು. ಮಕ್ಕಳು ಆ ಭಾಗವನ್ನು ಕತ್ತರಿಸಿ ಜೋಪಾನ ಮಾಡಿಟ್ಟುಕೊಳ್ಳುತ್ತಿದ್ದರು. ಬಿಸುಡತಕ್ಕ ರಟ್ಟು ಓದತಕ್ಕ ಗ್ರಂಥವಾಯಿತು.

ಇದಕ್ಕೆ ಪ್ರತಿಯಾದ ನಿದರ್ಶನವೂ ಅದೇ ಕಾಲದ್ದೇ. ಜಪಾನಿನ ಬಂದಾಯ್ ಸಂಸ್ಥೆಯ ‘ಮೆಷಿನ್ ರೋಬೋ’ ಎಂಬ ಬೊಂಬೆಗಳನ್ನು ಟೋಂಕಾ ಕಂಪನಿಯು ‘ಗೋಬಾಟ್ಸ್’ ಎಂದು ಅಮೆರಿಕಕ್ಕೆ ತಂದಿತು. ಟ್ರಾನ್ಸ್‌ಫಾರ್ಮರ್ಸಿಗಿಂತ ಮೊದಲೇ ಅಂಗಡಿಗೆ ಬಂದುದು ಅದು. ಆದರೆ ಅಲ್ಲಿ ಟ್ಯಾಂಕ್ ಆಗುವವನ ಹೆಸರು ಟ್ಯಾಂಕ್, ಸ್ಕೂಟರ್ ಆಗುವವನ ಹೆಸರು ಸ್ಕೂಟರ್. ಕಣ್ಣಿಗೆ ಕಂಡುದನ್ನೇ ಮತ್ತೆ ಹೇಳಿದ ಆ ಹೆಸರುಗಳಲ್ಲಿ ಮಗುವಿನ ಕಲ್ಪನೆ ಬೇರೂರುವುದಕ್ಕೆ ನೆಲವಿರಲಿಲ್ಲ. ಆ ಬೊಂಬೆಗಳು ಚಿಕ್ಕವಾಗಿ ಸರಳವಾಗಿ ಇದ್ದುದೂ ಸೋಲಿಗೆ ಒಂದು ಕಾರಣವೇ. ಆದರೆ ಅಷ್ಟೇ ಚಿಕ್ಕವನಾದ ಬಂಬಲ್‌ಬೀ ಇಂದಿಗೂ ಬದುಕಿರುವುದನ್ನು ನೋಡಿದರೆ ಗಾತ್ರವೊಂದನ್ನೇ ದೂರುವುದು ನ್ಯಾಯವಲ್ಲ. 1991ರಲ್ಲಿ ಟೋಂಕಾ ಕಂಪನಿಯನ್ನೇ ಹ್ಯಾಸ್ಬ್ರೋ ಕೊಂಡುಕೊಂಡಿತು.

ಅಂಗಡಿಯನ್ನು ಮೀರಿದ ಕಥೆ

ಈ ಕಥೆಗಳು ಮಕ್ಕಳನ್ನು ತಲಪಿದ ದಾರಿಯನ್ನು ಕುರಿತು ಆಕ್ಷೇಪಣೆಯಿಲ್ಲದೆ ಬರೆಯುವುದು ಸಾಧ್ಯವಿಲ್ಲ. ಅಮೆರಿಕದ ಪ್ರಸಾರ ಪ್ರಾಧಿಕಾರದವರು 1969ರಲ್ಲಿ ‘ಹಾಟ್ ವೀಲ್ಸ್’ ಎಂಬ ಕಾರ್ಟೂನ್ ಧಾರಾವಾಹಿಯ ವಿಷಯದಲ್ಲಿ, ಕಾರ್ಯಕ್ರಮದ ವೇಷದಲ್ಲಿ ಬಂದ ಜಾಹೀರಾತಿದು ಎಂಬ ದೂರನ್ನು ಗಂಭೀರವಾಗಿ ಪರಿಗಣಿಸಿದ್ದರು. ರೇಗನ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಆ ಬಿಗಿ ಸಡಿಲವಾಯಿತು. 1984ರ ಆದೇಶದಿಂದ ಜಾಹೀರಾತಿನ ಮೇಲಿದ್ದ ಮಾರ್ಗಸೂಚಿಗಳು ರದ್ದಾದುವು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಆರಂಭವಾದುದು ಈ ಹಿನ್ನೆಲೆಯಲ್ಲಿ. ಪೆಗ್ಗಿ ಚಾರೆನ್ ಎಂಬ ಮಹಿಳೆ ಸ್ಥಾಪಿಸಿದ, ಮಕ್ಕಳ ಟೆಲಿವಿಷನ್ನಿನ ಸುಧಾರಣೆಗಾಗಿ ದುಡಿದ ಸಂಘವು ಇಂಥ ಕಾರ್ಯಕ್ರಮಗಳನ್ನು ಪ್ರತಿಭಟಿಸಿತು. 1990ರಲ್ಲಿ ಬಂದ ಶಾಸನವು ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತನ್ನು ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ, ಇತರ ದಿನಗಳಲ್ಲಿ ಹನ್ನೆರಡು ನಿಮಿಷಕ್ಕೆ ಮಿತಗೊಳಿಸಿತು. ಆ ಸಂಘದವರ ಆತಂಕ ಸಕಾರಣವಾದುದೆಂದೇ ನನ್ನ ಅಭಿಪ್ರಾಯ. ಕಥೆಗೂ ಮಾರಾಟಕ್ಕೂ ನಡುವಣ ಗೆರೆಯನ್ನು ಎಳೆಯುವ ವಿವೇಕ ಆರು ವರ್ಷದ ಮಗುವಿನಲ್ಲಿ ಇರುವುದಿಲ್ಲ. ಅದನ್ನು ಎಳೆದುಕೊಡಬೇಕಾದವರು ದೊಡ್ಡವರು.

ಆದರೆ ಒಮ್ಮೆ ಪ್ರಾಣ ಪಡೆದ ಕಥೆ ವ್ಯಾಪಾರಿಯ ಅಂಕೆಯಲ್ಲಿಯೂ ಉಳಿಯುವುದಿಲ್ಲವೆಂಬುದಕ್ಕೆ 1986ರ ಘಟನೆಯೇ ಸಾಕ್ಷಿ. ಆ ವರ್ಷದ ಆಗಸ್ಟಿನಲ್ಲಿ ತೆರೆಕಂಡ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರದಲ್ಲಿ, ಹಳೆಯ ಆಟಿಕೆಗಳ ಕಾಲ ಮುಗಿಯಿತು, ಹೊಸವುಗಳಿಗೆ ಜಾಗ ಬೇಕೆಂಬ ಕಾರಣದಿಂದ ಹಲವು ಪಾತ್ರಗಳನ್ನು ಕೊಲ್ಲಿಸಿದರು. ಆಪ್ಟಿಮಸ್ ಪ್ರೈಮನೂ ಸತ್ತನು. ಅಂಗಡಿಯ ದಾಸ್ತಾನು ಬದಲಾಯಿಸುವ ಲೆಕ್ಕಾಚಾರವೆಂದು ಅದನ್ನು ಯೋಜಿಸಿದವರಿಗೆ ಥಿಯೇಟರುಗಳಲ್ಲಿ ಮಕ್ಕಳು ಅತ್ತ ಸುದ್ದಿ ದಿಗ್ಭ್ರಮೆಯನ್ನುಂಟುಮಾಡಿತು. ವಿಯೆಟ್ನಾಮ್ ಯುದ್ಧದಲ್ಲಿ ಹೋರಾಡಿದ ತನ್ನ ಅಣ್ಣನ ನಡೆನುಡಿಯನ್ನು ಮಾದರಿಯಾಗಿಟ್ಟುಕೊಂಡು ಪೀಟರ್ ಕಲನ್ ಎಂಬ ನಟನು ಆ ಪಾತ್ರಕ್ಕೆ ಕೊಟ್ಟಿದ್ದ ಧ್ವನಿಯಲ್ಲಿ ಬಲವಿತ್ತು, ಬಲಕ್ಕೆ ಒಡನಾಡಿಯಾದ ಮೃದುತ್ವವಿತ್ತು. ಮಕ್ಕಳಿಗೆ ಅವನು ಮನೆಯ ಹಿರಿಯನಾಗಿಬಿಟ್ಟಿದ್ದನು. ಪ್ರತಿಭಟನೆಯ ಪತ್ರಗಳು ಬಂದುವು. 1987ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಆ ಗಲಭೆಯ ಪರಿಣಾಮವಾಗಿಯೇ, ಜಿ.ಐ. ಜೋ ಚಿತ್ರದಲ್ಲಿ ಸಾಯಬೇಕಾಗಿದ್ದ ಡ್ಯೂಕ್ ಎಂಬ ನಾಯಕನೂ ಪ್ರಜ್ಞಾಹೀನನಾದನೆಂಬ ಮಾತಿನಿಂದ ಪ್ರಾಣ ಉಳಿಸಿಕೊಂಡನು. ಮಾರುವುದಕ್ಕೆಂದು ಕಟ್ಟಿದ ಕಥೆ ಮಾರುವವರ ಕೈಯನ್ನೇ ಹಿಡಿದು ನಿಲ್ಲಿಸಿತು.

ಮರೆತ ಕೈಗಳು

ಇಷ್ಟು ಹೊಗಳಿದ ಮೇಲೆ ಈ ಪದ್ಧತಿಯ ಋಣವನ್ನೂ ಹೇಳಬೇಕು. ಬುಡಿಯಾನ್‌ಸ್ಕಿಯ ಮುಂದೆ ಓದುವುದಕ್ಕೆ ಯೋಗ್ಯವಾದ ವಸ್ತುವೊಂದಿತ್ತು. ಆ ವಸ್ತುವನ್ನು ಮಾಡಿದವರು ಯಾರು? ಡಯಾಕ್ಲೋನಿನ ಕಾರು-ರೋಬೋಗಳ ವಿನ್ಯಾಸದಲ್ಲಿ ಕೋಜಿನ್ ಓನೋ, ಶೋಜಿ ಕವಾಮೋರಿ ಮುಂತಾದವರ ಪರಿಶ್ರಮವಿದೆ. ಕಾರಿನ ಬಾನೆಟ್ಟು ಎದೆಯಾಗಬೇಕು, ಬಾಗಿಲು ರೆಕ್ಕೆಯಾಗಬೇಕು, ಆದರೆ ಮಡಚಿದಾಗ ಯಾವ ಕೀಲೂ ಹೊರಗೆ ಕಾಣಿಸದೆ ನಿಜವಾದ ಕಾರೇ ಆಗಬೇಕೆಂಬ ಕಠಿನ ಸಮಸ್ಯೆಯನ್ನು ಬಿಡಿಸಿದವರು ಅವರು. ಅಮೆರಿಕದ ಪೆಟ್ಟಿಗೆಯ ಮೇಲೆ ಅವರ ಹೆಸರಿರಲಿಲ್ಲ. ಆ ಪೆಟ್ಟಿಗೆಯನ್ನು ತೆರೆದ ಕೋಟ್ಯಂತರ ಮಕ್ಕಳು ಅವರ ಕೈಚಳಕದಿಂದ ಸಂತೋಷಪಟ್ಟರೂ ಅವರನ್ನು ಅರಿಯಲಿಲ್ಲ.

ಕವಾಮೋರಿಯದೇ ಇನ್ನೊಂದು ಸೃಷ್ಟಿಯ ಗತಿ ಮತ್ತಷ್ಟು ವಿಷಾದಕರವಾದುದು. ‘ಮ್ಯಾಕ್ರಾಸ್’ ಎಂಬ ಜಪಾನೀ ಧಾರಾವಾಹಿಗಾಗಿ ಅವನು ರೂಪಿಸಿದ ವಾಲ್ಕೀರಿ ಎಂಬ ವಿಮಾನದ ಬೊಂಬೆಯನ್ನು ತಾಕಾತೋಕು ಎಂಬ ಕಂಪನಿ ತಯಾರಿಸುತ್ತಿತ್ತು. 1985ರಲ್ಲಿ ಹ್ಯಾಸ್ಬ್ರೋ ಅದನ್ನೂ ತನ್ನ ಸರಣಿಗೆ ಸೇರಿಸಿಕೊಂಡು ‘ಜೆಟ್‌ಫೈರ್’ ಎಂದು ಕರೆಯಿತು. ಅಷ್ಟರೊಳಗೆ ತಾಕಾತೋಕು ದಿವಾಳಿಯಾಗಿ, ಅದರ ಅಚ್ಚುಗಳು ಟಕಾರದ ಪ್ರತಿಸ್ಪರ್ಧಿಯಾದ ಬಂದಾಯ್ ವಶಕ್ಕೆ ಹೋಗಿದ್ದುವು. ಆದುದರಿಂದ ಕಾರ್ಟೂನಿನಲ್ಲಿ ಆ ಪಾತ್ರದ ರೂಪವನ್ನೂ ಹೆಸರನ್ನೂ ಬದಲಾಯಿಸಿ ‘ಸ್ಕೈಫೈರ್’ ಮಾಡಿದರು. ಜಪಾನಿನಲ್ಲಿ ಟಕಾರ ಆ ಬೊಂಬೆಯನ್ನು ಮಾರಲೇ ಇಲ್ಲ. ಟೆಲಿವಿಷನ್ನಿನಲ್ಲಿ ಕಂಡವನು ಅಂಗಡಿಯಲ್ಲಿ ಸಿಗದೆ, ಅಂಗಡಿಯಲ್ಲಿ ಸಿಕ್ಕವನು ಟೆಲಿವಿಷನ್ನಿನಲ್ಲಿ ಕಾಣದೆ, ಮಗುವು ಎರಡರ ನಡುವೆ ತಬ್ಬಿಬ್ಬಾಯಿತು. ವ್ಯಾಜ್ಯಗಳ ಹೆಣಿಗೆಯಲ್ಲಿ ಸಿಕ್ಕಿಬಿದ್ದಾಗ ಕಥೆಗೆ ವಸ್ತುವನ್ನು ಓದುವ ಸ್ವಾತಂತ್ರ್ಯ ಇರುವುದಿಲ್ಲ.

ಋಣದ ಪ್ರಶ್ನೆ ಯಂತ್ರಪುರುಷರಿಗೆ ಮಾತ್ರ ಸಂಬಂಧಿಸಿದುದಲ್ಲ. ಜಗತ್ಪ್ರಸಿದ್ಧಳಾದ ಬಾರ್ಬಿಯ ಮೂಲ ಜರ್ಮನಿಯ ‘ಬಿಲ್ಡ್ ಲಿಲ್ಲಿ’ ಎಂಬ ಬೊಂಬೆ. ರೈನ್‌ಹಾರ್ಡ್ ಬೊಯ್ಟಿನ್ ಎಂಬ ವ್ಯಂಗ್ಯಚಿತ್ರಕಾರನು ದಿನಪತ್ರಿಕೆಗೆ ಬರೆಯುತ್ತಿದ್ದ ಲಿಲ್ಲಿ ಎಂಬ ಪಾತ್ರವು 1955ರಲ್ಲಿ ಬೊಂಬೆಯಾಯಿತು. ಮುಂದಿನ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಅದನ್ನು ಕಂಡ ರೂತ್ ಹ್ಯಾಂಡ್ಲರ್ ಅದರ ಮಾದರಿಯಲ್ಲಿ ಮಾಡಿಸಿದ ಬಾರ್ಬಿಯು 1959ರ ಮಾರ್ಚಿನಲ್ಲಿ ಹೊರಬಂದಳು. ಕಾನೂನಿನ ಜಗಳಗಳಾದ ಮೇಲೆ 1964ರಲ್ಲಿ ಅವಳ ಮ್ಯಾಟೆಲ್ ಕಂಪನಿ ಲಿಲ್ಲಿಯ ಹಕ್ಕುಗಳನ್ನೇ ಕೊಂಡುಕೊಂಡಿತು. ದೊಡ್ಡ ಗಂಡಸರ ತಮಾಷೆಗೆಂದು ಮಾಡಿದ ಬೊಂಬೆಯಲ್ಲಿ, ಹೆಣ್ಣುಮಕ್ಕಳು ತಮ್ಮ ಭವಿಷ್ಯವನ್ನು ಆಡಿನೋಡಬಹುದಾದ ಆಕೃತಿಯನ್ನು ಕಂಡುದು ರೂತ್ ಹ್ಯಾಂಡ್ಲರಳ ದೃಷ್ಟಿಯ ಹಿರಿಮೆ. ಆ ಹಿರಿಮೆಯನ್ನು ಒಪ್ಪುತ್ತಲೇ, ಲಿಲ್ಲಿಯನ್ನು ಬಹುಕಾಲ ಯಾರೂ ನೆನೆಯಲಿಲ್ಲವೆಂದು ದುಃಖಪಡುವುದೂ ಸಲ್ಲುತ್ತದೆ.

ಕಾಲವು ಈ ಮರೆವನ್ನು ಕೊಂಚಮಟ್ಟಿಗೆ ತಿದ್ದಿದೆ. ಮಕ್ಕಳಾಗಿ ಆಡಿದವರು ದೊಡ್ಡವರಾಗಿ, ಬೊಂಬೆಗಳ ಪೂರ್ವಚರಿತ್ರೆಯನ್ನು ಶೋಧಿಸಿ, ವಿನ್ಯಾಸಕಾರರ ಹೆಸರುಗಳನ್ನು ಹುಡುಕಿ ತೆಗೆದರು. 2006ರಲ್ಲಿ ಟಕಾರವು ಟೋಮಿ ಕಂಪನಿಯೊಡನೆ ಕೂಡಿಕೊಂಡಿತು. ಆ ಸಂಯುಕ್ತ ಸಂಸ್ಥೆಯು 2016ರಲ್ಲಿ ಡಯಾಕ್ಲೋನನ್ನು ಅದರ ಸ್ವಂತ ಹೆಸರಿನಲ್ಲಿಯೇ, ಪುಟ್ಟ ಸಾರಥಿಗಳ ಸಮೇತವಾಗಿ, ಪುನಃ ಹೊರತಂದಿತು. ಒಂದು ಕಥೆ ಗೆದ್ದಿತೆಂದ ಮಾತ್ರಕ್ಕೆ ಇನ್ನೊಂದು ಅಳಿಯಬೇಕಾಗಿಲ್ಲವೆಂಬುದನ್ನು ಅದು ತೋರಿಸಿಕೊಟ್ಟಿದೆ.

ಆದಕಾರಣ ಮಗುವಿಗೆ ಆಟಿಕೆ ಕೊಳ್ಳುವ ತಂದೆತಾಯಿಗಳು ಇದು ಹಳೆಯ ಅಚ್ಚೇ ಹೊಸದೇ ಎಂದು ವಿಚಾರಿಸುವುದರಿಂದ ಪ್ರಯೋಜನ ಕಡಮೆ. ಪೆಟ್ಟಿಗೆಯ ಮೇಲಿನ ಕಥೆಗೂ ಒಳಗಿನ ವಸ್ತುವಿಗೂ ಸಂಬಂಧವಿದೆಯೇ, ಆ ಕಥೆಯನ್ನು ಕೇಳಿದ ಮಗು ಆ ವಸ್ತುವನ್ನು ಮೊದಲಿಗಿಂತ ಹೆಚ್ಚು ಗಮನದಿಂದ ನೋಡುತ್ತದೆಯೇ ಎಂದು ಪರೀಕ್ಷಿಸುವುದು ಮೇಲು. ನೋಡುತ್ತದೆಯಾದರೆ ಕೊಟ್ಟ ಹಣ ವ್ಯರ್ಥವಲ್ಲ. ತಯಾರಕರಲ್ಲಿ ನನ್ನ ಬಿನ್ನಹ ಇನ್ನೊಂದು. ಪುಸ್ತಕದ ಮುಖಪುಟದಲ್ಲಿ ಗ್ರಂಥಕರ್ತನ ಹೆಸರು ಇರುವಂತೆ, ಚಲನಚಿತ್ರದ ಮೊದಲಿನಲ್ಲಿ ಛಾಯಾಗ್ರಾಹಕನ ಹೆಸರು ಬರುವಂತೆ, ಆಟಿಕೆಯ ಪೆಟ್ಟಿಗೆಯ ಮೇಲೆ ಅದನ್ನು ಮೊದಲು ಕಲ್ಪಿಸಿದವನ ಹೆಸರೂ, ಅದು ಯಾವ ಸರಣಿಯಿಂದ ಯಾವ ವರ್ಷದಲ್ಲಿ ಬಂದುದೆಂಬ ಒಂದು ಸಾಲೂ ಅಚ್ಚಾಗಲಿ. ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ. ತನ್ನ ಕೈಯಲ್ಲಿರುವ ಲಾರಿಗೆ ಇನ್ನೊಂದು ದೇಶದಲ್ಲಿ ಇನ್ನೊಂದು ಬಾಳಿತ್ತೆಂದು ತಿಳಿದ ಮಗು ಆ ಲಾರಿಯನ್ನು ಪ್ರೀತಿಸುವುದನ್ನು ಬಿಡುವುದಿಲ್ಲ. ಅದಕ್ಕೆ ತಾನೂ ಒಂದು ಮೂರನೆಯ ಬಾಳನ್ನು ಕಲ್ಪಿಸಿಕೊಡಬಹುದೆಂಬ ಧೈರ್ಯವನ್ನು ಪಡೆಯುತ್ತದೆ.